ಬೆನ್ನುಹುರಿಯ ಗಂಟು ತೆಗೆಸಿದ ಮೇಲೆ ಉಳಿಯುವ ತೊಂದರೆಗಳು: ದಿನ ನಡೆಸೋದು ಹೇಗೆ?

ಆಪರೇಷನ್ ಆಗಿ ಮೂರು ತಿಂಗಳಿಗೆ ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದೆವು. ಡಾಕ್ಟರು ಫಿಲ್ಮ್ ನೋಡಿ "ಗಂಟು ಪೂರ್ತಿ ಹೋಗಿದೆ, ಕ್ಲೀನ್ ಇದೆ" ಅಂದರು. ನಮ್ಮ ಮನೆಯವರು ಖುಷಿಯಿಂದ ಪೇಡೆ ಕಟ್ಟಿಸಿಕೊಂಡು ಬಂದರು. ನಾನು ಎರಡೂ ಕಾಲನ್ನು ಕೈಯಿಂದ ಎತ್ತಿ ಕಾರಿನೊಳಗೆ ಇಟ್ಟುಕೊಂಡು ಕೂತೆ. ಅಣ್ಣಿಗೇರಿ ದಾಟಿದ ಮೇಲೆ ಸುಮ್ನೆ ಕೆಳಗೆ ನೋಡಿದರೆ ಬಲಗಾಲಲ್ಲಿ ಚಪ್ಪಲಿ ಇಲ್ಲ. ಹುಬ್ಬಳ್ಳಿಯಲ್ಲೇ ಎಲ್ಲೋ ಕಳಚಿ ಬಿದ್ದಿತ್ತು. ಕಾಲಿಗೆ ಚಪ್ಪಲಿ ಇದೆಯೋ ಇಲ್ಲವೋ ಅನ್ನೋದೂ ನನಗೆ ತಿಳಿದಿರಲಿಲ್ಲ.

ಇದಾಗಿ ಆರು ವರ್ಷ ಆಯಿತು. ನಾನು ಗದಗ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ನನಗಿದ್ದದ್ದು ಎಪೆಂಡಿಮೋಮಾ ಅನ್ನುವ ಗಂಟು (ಟ್ಯೂಮರ್), ಬೆನ್ನಿನ ನಡುಭಾಗದಲ್ಲಿ, ಹುರಿಯ ಒಳಗೇ ಬೆಳೆದಿತ್ತು. ಈಗ ನಡೆಯುತ್ತೇನೆ, ಪಾಠ ಮಾಡುತ್ತೇನೆ, ಅಡುಗೆ ಮಾಡುತ್ತೇನೆ. ಉರಿ, ಜೋಮು, ದಣಿವು, ಮೂತ್ರದ ತೊಂದರೆ ಇವೆಲ್ಲ ಇನ್ನೂ ಇವೆ. ಡಿಸ್ಚಾರ್ಜ್ ಆಗುವ ದಿನ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಯಾವ ಗುಳಿಗೆ, ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಮೊದಲು: ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಳ್ಳಿ

ಬೆನ್ನುಹುರಿ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಮಿದುಳಿನ ಮಾತು ಅದರಲ್ಲೇ ಕೆಳಗಿಳಿಯಬೇಕು, ಕಾಲಿನ ಸುದ್ದಿ ಅದರಲ್ಲೇ ಮೇಲೆ ಹೋಗಬೇಕು. ಇಷ್ಟು ಸಣ್ಣ ಜಾಗದಲ್ಲಿ ಗಂಟು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಒತ್ತಿಕೊಂಡು ಕೂತಿರುತ್ತದೆ. ಗಂಟು ಹುರಿಯ ಒಳಗಿದ್ದರೆ ಸರ್ಜನ್ ಸಾಮಾನ್ಯವಾಗಿ ಹುರಿಯ ಹಿಂಭಾಗವನ್ನು ನಡುವೆ ಬಿಡಿಸಿ ಒಳಗೆ ಹೋಗುತ್ತಾರೆ. ಕಾಲು ಎಲ್ಲಿದೆ, ಪಾದ ಹೇಗೆ ತಿರುಗಿದೆ ಅನ್ನುವ ಸುದ್ದಿ ಒಯ್ಯುವ ಎಳೆಗಳು ಇರೋದು ಅಲ್ಲೇ. ಅದಕ್ಕೇ ನಮ್ಮಲ್ಲಿ ಹಲವರಿಗೆ ಕಾಲಲ್ಲಿ ಶಕ್ತಿ ಇರುತ್ತದೆ, ಆದರೆ ಕಾಲು ಎಲ್ಲಿದೆ ಅನ್ನೋದು ಗೊತ್ತಾಗುವುದಿಲ್ಲ. ಗಂಟು ಹುರಿಯ ಹೊರಗೆ ಇದ್ದವರಿಗೆ, ಅಂದರೆ ಶ್ವಾನೋಮಾ, ಮೆನಿಂಜಿಯೋಮಾ ಇದ್ದವರಿಗೆ, ಈ ತೊಂದರೆ ಸಾಮಾನ್ಯವಾಗಿ ಕಡಿಮೆ.

ಸುಧಾರಣೆ ಮೊದಲ ಆರು ತಿಂಗಳಿಂದ ಒಂದು ವರ್ಷದಲ್ಲಿ ಜಾಸ್ತಿ. ಆಮೇಲೆ ನಿಧಾನ. ಎರಡು ವರ್ಷದವರೆಗೆ, ಕೆಲವರಲ್ಲಿ ಇನ್ನೂ ಮುಂದೆ, ಚೂರು ಚೂರು ಆಗುತ್ತಲೇ ಇರುತ್ತದೆ. ಅದಾದ ಮೇಲೂ ಉಳಿದದ್ದರ ಜೊತೆ ಬದುಕುವ ದಾರಿ ಕಂಡುಕೊಳ್ಳಬೇಕು. ನಾನು ಆರು ವರ್ಷದಲ್ಲಿ ಕಲಿತದ್ದನ್ನೆಲ್ಲ ಒಂದೇ ಮಾತಲ್ಲಿ ಹೇಳು ಅಂದರೆ ಇದು: ಮೈಯಿಂದ ಸುದ್ದಿ ಬರದಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳಿ. ಕಾಲಿನ ಸುದ್ದಿ ಕಣ್ಣಿಂದ, ಮೂತ್ರದ ಸುದ್ದಿ ಗಡಿಯಾರದಿಂದ, ನೋವಿನ ಸುದ್ದಿ ನೋಟ್‌ಬುಕ್ಕಿನಿಂದ.

ಒಂದು ಫೈಲು, ಒಂದು ನೋಟ್‌ಬುಕ್

ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಕಾರ್ಡ್, ಬಯಾಪ್ಸಿ ರಿಪೋರ್ಟ್, ಎಲ್ಲ ಎಂಆರ್‌ಐ ಫಿಲ್ಮ್ ಮತ್ತು ಸಿಡಿ ಒಂದೇ ಚೀಲದಲ್ಲಿ ಇರಲಿ. ಇದರಲ್ಲಿ ಬಯಾಪ್ಸಿ ರಿಪೋರ್ಟ್ ಕಳೆಯಲೇಬಾರದು. ಗಂಟು ಯಾವ ಜಾತಿಯದು, ಯಾವ ಗ್ರೇಡ್ ಅನ್ನೋದು ಅದರಲ್ಲಿದೆ. ಎಷ್ಟು ವರ್ಷ, ಎಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕು ಅನ್ನೋದು ಅದರ ಮೇಲೇ ನಿಂತಿದೆ. ಎಪೆಂಡಿಮೋಮಾ ಅಂಥವು ಹತ್ತು ವರ್ಷ ಕಳೆದ ಮೇಲೂ ಮರಳಬಹುದು. "ಈಗ ಅರಾಮ ಅದೀನಿ" ಅಂತ ವರ್ಷದ ಸ್ಕ್ಯಾನ್ ತಪ್ಪಿಸಬೇಡಿ. ಹೊಸ ಸ್ಕ್ಯಾನ್‌ಗೆ ಹೋಗುವಾಗ ಹಳೆಯದನ್ನೂ ಒಯ್ಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇ ಬದಲಾವಣೆ ತಿಳಿಯೋದು.

ನೋಟ್‌ಬುಕ್ಕಿಗೆ ನನ್ನ ಮಗನ ಹಳೇ ಇನ್ನೂರು ಪುಟದ ವಹಿ ಸಾಕಾಯಿತು. ಅದರ ಒಂದು ದಿನದ ಬರಹ ಹೀಗಿದೆ: "ಮಂಗಳವಾರ. ಬಲಗಾಲು ಉರಿ, 10ಕ್ಕೆ 7. ರಾತ್ರಿ ನಿದ್ದೆ 4 ತಾಸು. ಎರಡು ದಿನದಿಂದ ಹೊಟ್ಟೆ ಸಾಫಾಗಿಲ್ಲ. ಮಳೆ." ಇಷ್ಟೇ. ಮೂರು ವಾರ ಬರೆದ ಮೇಲೆ ಒಟ್ಟಿಗೆ ಓದಿದಾಗ ನನಗೇ ಆಶ್ಚರ್ಯ. ಹೊಟ್ಟೆ ಕಟ್ಟಿದ ಮರುದಿನವೆಲ್ಲ ಕಾಲು ಜಾಸ್ತಿ ಸೆಟೆದಿತ್ತು. ಅಲ್ಲಿಯವರೆಗೂ ಅದು ಮಳೆ, ಥಂಡಿಯಿಂದ ಅಂತಲೇ ಅಂದುಕೊಂಡಿದ್ದೆ. ಡಾಕ್ಟರ ಮುಂದೆ ಕೂತಾಗ ನಮಗೆ ಸಿಗೋದು ಐದೋ ಹತ್ತೋ ನಿಮಿಷ. "ಭಾಳ ತ್ರಾಸ ಆಗತೈತ್ರಿ" ಅನ್ನೋದಕ್ಕಿಂತ ಆ ಪುಟ ತೋರಿಸಿದರೆ ಬೇಗ ಕೆಲಸ ಆಗುತ್ತದೆ.

ಕಾಲಿನ ಸುದ್ದಿ ಕಣ್ಣಿಂದ

ಮನೆಗೆ ಬಂದ ಎರಡನೇ ವಾರ. ಬಚ್ಚಲಲ್ಲಿ ನಿಂತು ಮುಖಕ್ಕೆ ಸೋಪು ಹಚ್ಚಿಕೊಂಡೆ, ಕಣ್ಣು ಮುಚ್ಚಿದೆ. ಅಷ್ಟೇ. ನೆಲ ಎತ್ತ ಹೋಯಿತೋ ಗೊತ್ತಿಲ್ಲ. ಹಂಡೆಯ ಕಟ್ಟೆಗೆ ಭುಜ ಬಡಿದು ಕೂತುಬಿಟ್ಟೆ. ಕಾಲು ಜಾರಿರಲಿಲ್ಲ, ತಲೆ ತಿರುಗಿರಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿಗೆ ಮರುದಿನ ಹೇಳಿದರೆ ಅವಳು ಅಂದಳು: "ಟೀಚರ್, ಕಣ್ಣು ಮುಚ್ಚಬ್ಯಾಡ್ರಿ. ಸದ್ಯಕ್ಕ ನಿಮ್ಮ ಕಾಲು ನಿಮ್ಮ ಕಣ್ಣಾಗ ಅದಾವು."

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಹುರಿ ಸುದ್ದಿ ಕೊಡದಿದ್ದಾಗ ಕಣ್ಣೇ ಕಾಲನ್ನು ನಡೆಸುತ್ತದೆ. ಕಣ್ಣು ಮುಚ್ಚಿದರೆ, ಕತ್ತಲಾದರೆ, ಕರೆಂಟು ಹೋದರೆ ಬೀಳುತ್ತೇವೆ. ಹೀಗಾಗಿ ಮೊದಲು ಮನೆ ಸರಿಮಾಡಿಕೊಳ್ಳಬೇಕು.

ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಇಡಿ, ಕೂತೇ ಸ್ನಾನ ಮಾಡಿ. ಕುರ್ಚಿಗೆ ಕೈ ಇರಲಿ, ಕಾಲಿಗೆ ರಬ್ಬರ್ ಬುಚ್ಚು ಇರಲಿ. ಗೋಡೆಗೆ ಎರಡು ಸ್ಟೀಲ್ ಹಿಡಿಕೆ ಹಾಕಿಸಿ: ಒಂದು ಕುರ್ಚಿಯ ಪಕ್ಕ, ಇನ್ನೊಂದು ಬಾಗಿಲ ಪಕ್ಕ. ನಲ್ಲಿ ಪೈಪು, ಟವೆಲ್ ರಾಡು ಹಿಡಿದು ಏಳಬೇಡಿ, ಅವು ಕಿತ್ತು ಬರುತ್ತವೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲು ಜಾಸ್ತಿ. ಹಳೆಯದಾಗಿ ನುಣುಪಾದ ಕಲ್ಲು ಒದ್ದೆಯಾದರೆ ಬಲವಿದ್ದವರೇ ಜಾರುತ್ತಾರೆ. ಒಗೆಯುವ ಜಾಗ, ಹಿತ್ತಲ ಬಾಗಿಲ ಮುಂದೆ ಒರಟು ಚಾಪೆ ಹಾಸಿ. ಆದರೆ ಮನೆಯೊಳಗೆ ತುದಿ ಮಡಚಿಕೊಳ್ಳುವ ಬಟ್ಟೆಯ ಕಾಲೊರಸು ಬೇಡವೇ ಬೇಡ.

ಮಲಗುವ ಕೋಣೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಕರೆಂಟು ಹೋದಾಗಿಗೆ ದಿಂಬಿನ ಪಕ್ಕ ಬ್ಯಾಟರಿ ಇರಲಿ. ಹೊಸ್ತಿಲಿಗೆ, ಪಾವಟಿಗೆಗಳ ಅಂಚಿಗೆ ಹಳದಿ ಬಣ್ಣದ ಟೇಪು ಅಂಟಿಸಿದರೆ ಕಣ್ಣಿಗೆ ಬೇಗ ಸಿಗುತ್ತದೆ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕೋಲನ್ನು ಸೋತ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಇದನ್ನು ತಪ್ಪಾಗಿ ಹಿಡಿದವರನ್ನು ನಾನು ಭಾಳ ಮಂದಿ ನೋಡಿದ್ದೇನೆ.

ಚಪ್ಪಲಿ ಬಿಟ್ಟು ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಪಾದ ಮೇಲೆತ್ತಲು ಆಗದೆ ಬೆರಳು ನೆಲಕ್ಕೆ ತಾಗುತ್ತಿದ್ದರೆ ಎಎಫ್‌ಒ ಅನ್ನುವ, ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಸಿಗುತ್ತದೆ. ಅಳತೆ ಕೊಟ್ಟು ಮಾಡಿಸಿಕೊಂಡರೆ ಒಳ್ಳೆಯದು. ಮೊದಮೊದಲು ಅರ್ಧ ತಾಸು ಹಾಕಿ, ಬಿಚ್ಚಿ, ಚರ್ಮ ಕೆಂಪಾಗಿದೆಯಾ ಅಂತ ನೋಡಿ.

ಸುಡುವುದರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಎರಡನೇ ವರ್ಷದ ಬೇಸಿಗೆಯಲ್ಲಿ ಊರ ಜಾತ್ರೆಗೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಎಲ್ಲರೂ ಗುಡಿಯ ಹಾಸುಗಲ್ಲಿನ ಮೇಲೆ ಓಡೋಡಿ ಹೋಗುತ್ತಿದ್ದರೆ ನಾನು ಆರಾಮವಾಗಿ ಪ್ರದಕ್ಷಿಣೆ ಹಾಕಿದೆ. ಕಾಲಿಗೆ ಏನೂ ಅನ್ನಿಸಲಿಲ್ಲ. ಸಂಜೆ ಮನೆಯಲ್ಲಿ ಮಗ "ಅವ್ವಾ, ನೆಲದ ಮ್ಯಾಲೆ ಏನದು?" ಅಂದ. ಬಲ ಅಂಗಾಲಿನ ಬೊಬ್ಬೆ ಒಡೆದು ನೀರಿನ ಗುರುತು ಅಡುಗೆಮನೆಯವರೆಗೂ ಮೂಡಿತ್ತು. ಅದು ಮಾಯಲು ಏಳು ವಾರ ಬೇಕಾಯಿತು. ಅಂದಿನಿಂದ ಗುಡಿಗೆ ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗುತ್ತೇನೆ. ಯಾವ ಪೂಜಾರಿಯೂ ಬೇಡ ಅಂದಿಲ್ಲ.

ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಕಾಲಿನಿಂದ ಅಲ್ಲ. ಜೋಮು ಇರುವ ಜಾಗಕ್ಕೆ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಉಪ್ಪಿನ ಗಂಟಿನ ಕಾವು ಯಾವುದೂ ಬೇಡ. ಬೈಕಿನ ಹಿಂದೆ ಕೂತಾಗ ಸೈಲೆನ್ಸರ್ ಕಡೆ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಿಕೊಳ್ಳಿ. ರಾತ್ರಿ ಮಲಗುವ ಮೊದಲು ಕೈಗನ್ನಡಿ ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡುವುದು ಹಲ್ಲುಜ್ಜಿದಷ್ಟೇ ರೂಢಿಯಾಗಬೇಕು. ಹೆಣ್ಣುಮಕ್ಕಳು ಕಾಲುಂಗುರದ ಕೆಳಗೂ ನೋಡಿ. ಜಾಸ್ತಿ ಹೊತ್ತು ಕೂರುವವರು ಅರ್ಧ ತಾಸಿಗೊಮ್ಮೆಯಾದರೂ ಭಾರ ಬದಲಿಸಿ ಕೂರಿ. ಕುಂಡಿ, ಹಿಮ್ಮಡಿಯಲ್ಲಿ ಕೆಂಪು ಮೂಡಿ ಅರ್ಧ ತಾಸಾದರೂ ಮಾಸದಿದ್ದರೆ ಆ ಜಾಗದ ಮೇಲೆ ಭಾರ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಗಾಡಿ ಓಡಿಸುವವರಿಗೆ ಒಂದು ಮಾತು. ಕಾಲು ಬ್ರೇಕಿನ ಮೇಲಿದೆಯಾ ಅಂತ ಕೆಳಗೆ ನೋಡಿಯೇ ತಿಳಿಯಬೇಕು ಅಂದರೆ ಸದ್ಯ ಓಡಿಸಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿರುವವರಿಗೆ ಚಿಗರಿ ಬಸ್ಸು ದೊಡ್ಡ ಅನುಕೂಲ. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಒಂದೇ ಮಟ್ಟ, ಮೆಟ್ಟಿಲು ಹತ್ತುವ ತ್ರಾಸಿಲ್ಲ. ನಾನು ಧಾರವಾಡಕ್ಕೆ ಹೋಗಬೇಕಾದರೆ ಹುಬ್ಬಳ್ಳಿಯಲ್ಲಿ ಇಳಿದು ಅದನ್ನೇ ಹತ್ತುತ್ತೇನೆ.

ಉರಿ, ಜೋಮು, ಸೆಟೆತ

ಈ ನೋವನ್ನು ಬೇರೆಯವರಿಗೆ ಹೇಳೋದು ಕಷ್ಟ. ಗಾಯ ಇಲ್ಲ, ಊತ ಇಲ್ಲ. ಕೆಲವರಿಗೆ ಮೆಣಸಿನಪುಡಿ ಸವರಿದ ಹಾಗೆ, ಕೆಲವರಿಗೆ ಇರುವೆ ಹರಿದ ಹಾಗೆ, ಕೆಲವರಿಗೆ ಎದೆ ಸುತ್ತ ಹಗ್ಗ ಬಿಗಿದ ಹಾಗೆ. ನನಗೆ ಮೊದಲ ಚಳಿಗಾಲದಲ್ಲಿ ಕೌದಿ ಕಾಲಿಗೆ ತಾಗಿದರೂ ಆಗುತ್ತಿರಲಿಲ್ಲ. ಅತ್ತಿಯ ಹಳೇ ಸೀರೆಯಲ್ಲಿ ಹೊಲಿದ, ಬೆಣ್ಣೆಯಂಥ ಕೌದಿ ಅದು. ಅದೇ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹೊದೆಯದಿದ್ದರೆ ಥಂಡಿಗೆ ಕಾಲು ಸೆಟೆಯುತ್ತಿತ್ತು. ಕೊನೆಗೆ ನಮ್ಮ ಮನೆಯವರು ಹೊರಸಿನ ಕಾಲ್ದೆಸೆಯಲ್ಲಿ ಒಂದು ಗಿಡ್ಡ ಸ್ಟೂಲು ಇಟ್ಟು ಅದರ ಮೇಲೆ ಕೌದಿ ಹರಡಿದರು. ಕಾಲು ಒಳಗೆ ಬೆಚ್ಚಗೆ, ಬಟ್ಟೆ ಮಾತ್ರ ತಾಗದು. ಆ ರಾತ್ರಿ ನಾನು ಆರು ತಾಸು ಮಲಗಿದೆ.

ಇದು ನರದ ನೋವು. ಪ್ಯಾರಾಸಿಟಮಾಲ್‌ಗೆ, ಮೆಡಿಕಲ್ ಅಂಗಡಿಯವರು ಕೊಡುವ ನೋವಿನ ಗುಳಿಗೆಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ದಿನಾ ನೋವಿನ ಗುಳಿಗೆ ನುಂಗಿದರೆ ಕಿಡ್ನಿಗೆ ಪೆಟ್ಟು. ಡಾಕ್ಟರು ಸಾಮಾನ್ಯವಾಗಿ ಗ್ಯಾಬಪೆಂಟಿನ್, ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಇವುಗಳಲ್ಲಿ ಒಂದರಿಂದ ಶುರು ಮಾಡುತ್ತಾರೆ. ಕಡಿಮೆ ಪ್ರಮಾಣದಿಂದ ನಿಧಾನಕ್ಕೆ ಏರಿಸುತ್ತಾರೆ. ಕೆಲವು ವಾರ ಕಾಯಬೇಕು. ನಾಲ್ಕು ದಿನಕ್ಕೆ "ಇದು ನಡಿಯೂದಿಲ್ಲ" ಅಂತ ಬಿಡಬೇಡಿ. ನೋವು 8 ಇದ್ದದ್ದು 4ಕ್ಕೆ ಇಳಿದು ನಿದ್ದೆ ಬಂದರೆ ಅದು ದೊಡ್ಡ ಗೆಲುವು ಅಂತಲೇ ನನ್ನ ಲೆಕ್ಕ.

ಗ್ಯಾಬಪೆಂಟಿನ್, ಪ್ರೆಗಾಬಲಿನ್‌ನಿಂದ ಮಂಪರು, ತೂಕ ಏರೋದು, ಕಾಲು ಬಾವು ಬರಬಹುದು. ಅಮಿಟ್ರಿಪ್ಟಿಲಿನ್‌ನಿಂದ ಮೂತ್ರ ಕಟ್ಟಬಹುದು, ಮಲಬದ್ಧತೆ ಜಾಸ್ತಿ ಆಗಬಹುದು. ಮೊದಲೇ ಆ ತೊಂದರೆ ಇದ್ದವರು ಇದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಲೇಬೇಕು. ಕಾಲು ಸೆಟೆಯುವುದಕ್ಕೆ ಬ್ಯಾಕ್ಲೋಫೆನ್, ಟಿಜಾನಿಡಿನ್ ಕೊಡುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮ ಇದೆ: ಕೆಲವರು ಆ ಬಿಗಿತದ ಮೇಲೇ ನಿಂತಿರುತ್ತಾರೆ. ಗುಳಿಗೆ ಜಾಸ್ತಿ ಆದರೆ ಮೊಣಕಾಲು ಮಡಚಿಕೊಂಡುಬಿಡುತ್ತದೆ.

ಬ್ಯಾಕ್ಲೋಫೆನ್ ಅನ್ನು ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಬುದ್ಧಿ ಗಲಿಬಿಲಿ ಆಗಬಹುದು. ನರದ ನೋವಿನ ಗುಳಿಗೆಗಳನ್ನೂ ನಿಧಾನವಾಗಿ ಇಳಿಸಿಯೇ ಬಿಡಬೇಕು. ಹಳ್ಳಿಯ ಅಂಗಡಿಯಲ್ಲಿ ಇವು ಸಿಗದೆ ಇರಬಹುದು. ಹಬ್ಬಕ್ಕೆ, ಮದುವೆಗೆ ಊರಿಗೆ ಹೋಗುವಾಗ ಹತ್ತು ದಿನದ್ದು ಜಾಸ್ತಿಯೇ ಇಟ್ಟುಕೊಳ್ಳಿ.

ಸೆಟೆತ ಇದ್ದಕ್ಕಿದ್ದಂತೆ ಜಾಸ್ತಿ ಆದರೆ ಗುಳಿಗೆ ಏರಿಸುವ ಮೊದಲು ಕಾರಣ ಹುಡುಕಿ. ಮೂತ್ರದ ಸೋಂಕು, ಕಟ್ಟಿದ ಹೊಟ್ಟೆ, ಒಳಗೆ ಬೆಳೆದ ಉಗುರು, ಬಿಗಿಯಾದ ನಾಡಾ, ಎಲ್ಲೋ ಆದ ಹುಣ್ಣು, ಇವುಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಸಿಗುತ್ತದೆ. ಮೈಗೆ ಹೇಳಲು ಬಾರದ ನೋವು ಹಾಗೆ ಹೊರಬೀಳುತ್ತದೆ.

ಅತ್ತಿ ಶುರುವಿನಲ್ಲಿ "ಬಾ ಇಲ್ಲೆ, ಎಣ್ಣಿ ಹಚ್ಚಿ ಬಿಸಿನೀರು ಹಾಕತೀನಿ, ಎಲ್ಲಾ ಹೋಗತೈತಿ" ಅನ್ನುತ್ತಿದ್ದರು. ಪ್ರೀತಿಯಿಂದ ಹಗುರವಾಗಿ ಎಣ್ಣೆ ಹಚ್ಚಿದರೆ ತಪ್ಪಿಲ್ಲ. ಆದರೆ ಆಪರೇಷನ್ ಆದ ಬೆನ್ನನ್ನು, ಕುತ್ತಿಗೆಯನ್ನು ತಿರುವಿ ನೆಟಿಕೆ ತೆಗೆಸುವುದು, ಎಲುಬು ಕೂಡಿಸುವವರ ಹತ್ತಿರ ಎಳೆಸುವುದು ಬೇಡವೇ ಬೇಡ. ಅಲ್ಲಿ ಎಲುಬಿನ ಹಿಂದಿನ ಕಮಾನು ತೆಗೆದಿರುತ್ತಾರೆ. ಏನಿದೆ ಏನಿಲ್ಲ ಅನ್ನೋದು ತಿಕ್ಕುವವರಿಗೆ ಗೊತ್ತಿರುವುದಿಲ್ಲ, ಅಲ್ವಾ?

ಮೂತ್ರ, ಮಲ: ಗಡಿಯಾರ ನೋಡಿ

ಇದರ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಒಂದು ವರ್ಷ ಬಿಡಲಿಲ್ಲ. ಶಾಲೆಯಲ್ಲಿ ತೊಂದರೆ ಆಗದಿರಲಿ ಅಂತ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಮೂರು ಸಲ ಸೋಂಕು ಆಗಿ ಜ್ವರ ಬಂದ ಮೇಲೆ ಬುದ್ಧಿ ಬಂತು.

ಹುರಿಗೆ ಪೆಟ್ಟಾದಾಗ ಮೂತ್ರದ ಚೀಲ ತುಂಬಿದ್ದು ಗೊತ್ತಾಗದೆ ಇರಬಹುದು, ಗೊತ್ತಾದ ಕೂಡಲೇ ತಡೆಯಲಾಗದೆ ಇರಬಹುದು, ಇಲ್ಲವೇ ಮಾಡಿ ಬಂದರೂ ಅರ್ಧ ಒಳಗೇ ಉಳಿದಿರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಹೀಗಾಗಿ ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್ ಮಾಡಿಸಿ. ಹೊಟ್ಟೆಯ ಸ್ಕ್ಯಾನಿಂಗ್ ಮಾಡುವ ಕಡೆಯೇ ಆಗುತ್ತದೆ. ಉಳಿದ ಮೂತ್ರ ಸೋಂಕು ತರುತ್ತದೆ, ವರ್ಷಗಟ್ಟಲೆ ಒತ್ತಡ ಉಳಿದರೆ ಕಿಡ್ನಿ ಕೆಡುತ್ತದೆ. ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನಿಂಗ್ ಮತ್ತು ಕ್ರಿಯಾಟಿನಿನ್ ಅನ್ನುವ ರಕ್ತಪರೀಕ್ಷೆ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ.

ಡಾಕ್ಟರು "ನೀವೇ ಕ್ಯಾಥೆಟರ್ ಹಾಕಿ ತೆಗೆಯಬೇಕು" ಅಂದರೆ ಹೆದರಬೇಡಿ. ಸದಾ ಹಾಕಿಕೊಂಡಿರುವ ನಳಿಕೆ ಅಲ್ಲ ಅದು. ನಾಲ್ಕರಿಂದ ಆರು ತಾಸಿಗೊಮ್ಮೆ ಹಾಕಿ, ಖಾಲಿ ಮಾಡಿ, ತೆಗೆಯುವುದು. ಕೈ ಸೋಪಿನಿಂದ ಚೆನ್ನಾಗಿ ತೊಳೆಯುವುದೇ ಮುಖ್ಯ ಶಿಸ್ತು. ಒಂದು ಸಲಕ್ಕೆ 400–500 ಮಿಲಿಗಿಂತ ಜಾಸ್ತಿ ಬರುತ್ತಿದ್ದರೆ ಅಂತರ ಕಡಿಮೆ ಮಾಡಬೇಕು. ಮೊದಲ ವಾರ ನನಗೆ ಅಳುವೇ ಬರುತ್ತಿತ್ತು. ತಿಂಗಳಾದ ಮೇಲೆ ಐದು ನಿಮಿಷದ ಕೆಲಸ. ಈಗ ಶಾಲೆಯ ಬಿಡುವಿನ ಗಂಟೆಗೆ ಹೊಂದಿಸಿಕೊಂಡಿದ್ದೇನೆ. ಚೀಲದಲ್ಲಿ ಕ್ಯಾಥೆಟರ್, ಸೋಪು, ಸಣ್ಣ ಕನ್ನಡಿ, ಒಂದು ಜೊತೆ ಬಟ್ಟೆ ಸದಾ ಇರುತ್ತವೆ. ನೀರು ಮಾತ್ರ ಕಡಿಮೆ ಮಾಡಬೇಡಿ. ದಿನವಿಡೀ ಹಂಚಿ ಕುಡಿಯಿರಿ, ಸಂಜೆ ಏಳರ ನಂತರ ತುಸು ಇಳಿಸಿ.

ಸೋಂಕು ಅಂದರೆ ಉರಿಮೂತ್ರ ಇರಲೇಬೇಕು ಅಂತಿಲ್ಲ, ಜೋಮು ಇದ್ದವರಿಗೆ ಆ ಉರಿ ತಿಳಿಯದು. ಮೂತ್ರ ಕದಡಿರುವುದು, ಕೆಟ್ಟ ವಾಸನೆ, ಜ್ವರ, ಕಾಲು ಜಾಸ್ತಿ ಸೆಟೆಯುವುದು ಇವೇ ಗುರುತು. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ (ಯಾವ ಬ್ಯಾಕ್ಟೀರಿಯಾ ಅಂತ ತಿಳಿಯುವ ಪರೀಕ್ಷೆ) ಕೊಟ್ಟ ಮೇಲೇ ಆಂಟಿಬಯೋಟಿಕ್ ಶುರು ಮಾಡಿ. ಕ್ಯಾಥೆಟರ್ ಬಳಸುವವರ ಮೂತ್ರದಲ್ಲಿ ತೊಂದರೆ ಇಲ್ಲದೆಯೂ ಬ್ಯಾಕ್ಟೀರಿಯಾ ಕಾಣಿಸುವುದು ಮಾಮೂಲು. ಜ್ವರ, ಗುರುತು ಏನೂ ಇಲ್ಲದಿದ್ದರೆ ರಿಪೋರ್ಟ್ ನೋಡಿಯೇ ಗುಳಿಗೆ ನುಂಗಬೇಕಾಗಿಲ್ಲ.

ಮಲದ ವಿಷಯಕ್ಕೆ ಹೊತ್ತು ಗೊತ್ತು ಮಾಡಿಕೊಳ್ಳಿ. ತಿಂದ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ. ಬೆಳಗಿನ ನಾಷ್ಟಾ, ಚಹಾ ಆದ ಮೇಲೆ ಬಂದರೂ ಬರದಿದ್ದರೂ ಹೋಗಿ ಕೂರಿ. ತಿಣುಕಬೇಡಿ. ಕಾಲ ಕೆಳಗೆ ಗಿಡ್ಡ ಮಣೆ ಇದ್ದರೆ ಅನುಕೂಲ. ಕುಕ್ಕರಗಾಲಲ್ಲಿ ಕೂತು ಏಳೋದು ನಮಗೆ ಅಪಾಯ. ಮನೆಯಲ್ಲಿ ದೇಸಿ ಪಾಯಖಾನೆ ಮಾತ್ರ ಇದ್ದರೆ ಅದರ ಮೇಲೆ ಇಡುವ, ನಡುವೆ ತೂತಿರುವ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಊಟವೇ ಇದಕ್ಕೆ ಒಳ್ಳೆಯದು: ಜೋಳದ ರೊಟ್ಟಿ, ಮಡಿಕೆ ಕಾಳು, ಮೆಂತೆ ಸೊಪ್ಪು, ಪುಂಡಿ ಪಲ್ಯ. ಆದರೆ ನಾರು ಏರಿಸಿ ನೀರು ಏರಿಸದಿದ್ದರೆ ಇನ್ನೂ ಕಟ್ಟುತ್ತದೆ. ಇಸಬ್‌ಗೋಲ್ ತಗೊಳ್ಳುವವರಿಗೂ ಇದೇ ಮಾತು.

ದಣಿವು ಮತ್ತು ಕೆಲಸ

ಕಣ್ಣಿಂದ ಕಾಲು ನಡೆಸುವುದು ಅಂದರೆ ಪ್ರತಿ ಹೆಜ್ಜೆಗೂ ಲಕ್ಷ್ಯ ಕೊಡಬೇಕು. ಅದಕ್ಕೇ ಸಂಜೆಗೆ ತಲೆಯೂ ಸೋತಿರುತ್ತದೆ. ಇದು ಆಲಸ್ಯ ಅಲ್ಲ. ನಾನು ಮೊದಲು ನಿಂತು ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದೆ. ಈಗ ಎತ್ತರದ ಸ್ಟೂಲಿನ ಮೇಲೆ ಕೂತು ಎಂಟು. ವಾರಕ್ಕೊಮ್ಮೆ ರೊಟ್ಟಿ ಮಾಡುವ ಅಕ್ಕನ ಕಡೆಯಿಂದ ಖಡಕ್ ರೊಟ್ಟಿ ತರಿಸುತ್ತೇವೆ. ಗುರೆಳ್ಳು ಚಟ್ನಿಪುಡಿ, ಮೊಸರು ಇದ್ದರೆ ಸೋತ ದಿನದ ಊಟ ಆಗಿಹೋಯಿತು. ದಣಿದ ಮೇಲೆ ಕೂರಬೇಡಿ, ದಣಿಯುವ ಮೊದಲೇ ಕೂರಿ. ಚೆನ್ನಾಗಿರುವ ದಿನ ಎಲ್ಲ ಬಾಕಿ ಕೆಲಸ ಮುಗಿಸಲು ಹೋದರೆ ಮುಂದಿನ ಎರಡು ದಿನ ಹಾಸಿಗೆಯೇ ಗತಿ.

ವ್ಯಾಯಾಮ ಬಿಡಬೇಡಿ. ಮೀನಖಂಡ, ತೊಡೆಯ ಹಿಂಭಾಗವನ್ನು ನಿಧಾನವಾಗಿ ಎಳೆದು ಅರ್ಧ ನಿಮಿಷ ಹಿಡಿಯುವುದು, ಅಡುಗೆಕಟ್ಟೆ ಹಿಡಿದು ಕೂತೇಳುವುದು, ಸಮತಟ್ಟು ಜಾಗದಲ್ಲಿ ನಡೆಯುವುದು. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಧಾರವಾಡದವರಿಗೆ ಕೆಲಗೇರಿ, ಗದಗಿನವರಿಗೆ ಭೀಷ್ಮ ಕೆರೆಯ ದಂಡೆ ಇದೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಹೋಗಲೇಬೇಡಿ, ಕಾಲು ಹೂತದ್ದೂ ತಿಳಿಯದು. ಫಿಸಿಯೋಥೆರಪಿ ವಿಭಾಗ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಲ್ಲಿದೆ, ಸತ್ತೂರಿನ ಎಸ್‌ಡಿಎಂನಲ್ಲೂ ಇದೆ. ತಿಂಗಳಿಗೊಮ್ಮೆ ಹೋಗಿ ಕಲಿತು ಬಂದು ಮನೆಯಲ್ಲಿ ಮಾಡಿದರೂ ನಡೆಯುತ್ತದೆ.

ಜನರ ಮಾತು, ನಮ್ಮ ಮನಸ್ಸು

"ಈಗ ಅರಾಮ ಅದೀರಲ್ರಿ? ನೋಡಾಕ ಚಲೋ ಕಾಣ್ತೀರಿ." ಇದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಕೇಳುವವರದು ಕಾಳಜಿಯೇ. ಮೊದಲು ಹೂಂ ಅಂದು ಒಳಗೆ ಬಂದು ಅಳುತ್ತಿದ್ದೆ. ಈಗ ಒಂದು ಉತ್ತರ ಇಟ್ಟುಕೊಂಡಿದ್ದೇನೆ: "ಗಂಟು ಹೋಗೇತ್ರಿ. ನರಕ್ಕ ಪೆಟ್ಟಾಗೇತಿ, ಅದು ಹಂಗ ಉಳಿತೈತಿ. ಸಾವಕಾಶ ನಡೀತೀನಿ." ಮನೆಯವರಿಗಂತೂ ಬಿಡಿಸಿ ಹೇಳಿ. "ನೋವಾಗುತ್ತಿದೆ" ಅನ್ನುವ ಬದಲು "ಇವತ್ತು ಏಳು, ನೀವು ನೀರು ತುಂಬಿಡಿ" ಅಂದರೆ ಅವರಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಗಂಡ ಹೆಂಡಿರ ನಡುವಿನ ವಿಷಯವೂ ಇದರಲ್ಲಿ ಬಂತು. ಸ್ಪರ್ಶ ತಿಳಿಯದಿರುವುದು, ಒಣಗುವುದು, ಗಂಡಸರಿಗೆ ನಿಮಿರುವಿಕೆಯ ತೊಂದರೆ ಎಲ್ಲ ಇದೇ ಹುರಿಯ ಪೆಟ್ಟಿನಿಂದ. ಯಾರ ತಪ್ಪೂ ಅಲ್ಲ, ಚಿಕಿತ್ಸೆ ಇದೆ. ಯುರಾಲಜಿಸ್ಟ್ ಅಥವಾ ಸ್ತ್ರೀರೋಗ ತಜ್ಞರ ಹತ್ತಿರ ಇಬ್ಬರೂ ಜೊತೆಗೇ ಹೋಗಿ.

ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸಿದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಬಹುದು. ಅಷ್ಟು ದೂರ ಆಗದಿದ್ದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಾನು ಮೂರನೇ ವರ್ಷ ಎಂಟು ತಿಂಗಳು ಚಿಕಿತ್ಸೆ ತಗೊಂಡೆ.

ಕಾಗದಪತ್ರ

ನಡಿಗೆಗೆ, ಕೈಕಾಲಿಗೆ ಕಾಯಂ ತೊಂದರೆ ಉಳಿದಿದ್ದರೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಗುತ್ತದೆ. ಮೊಬೈಲಿನಲ್ಲಿ ಬರದಿದ್ದರೆ ಅಂಗವಿಕಲರಿಗೆ ನೆರವಾಗಲು ಇರುವ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಥವಾ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ ಅವರನ್ನು ಕೇಳಿ, ಅವರ ಕೆಲಸವೇ ಅದು. ತಪಾಸಣೆಗೆ ಹೋಗುವಾಗ ಮೂತ್ರದ ತೊಂದರೆ, ಬೀಳುವುದು, ಕೋಲು, ಎಎಫ್‌ಒ ಎಲ್ಲ ಡಾಕ್ಟರ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ನಾಚಿಕೆಯಿಂದ ಮುಚ್ಚಿಟ್ಟರೆ ಲೆಕ್ಕಕ್ಕೆ ಬಾರದು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಂಗವೈಕಲ್ಯ ಬೇಕು.

ಸರ್ಕಾರಿ ನೌಕರರು ಒಂದು ನೆನಪಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ನೌಕರಿಯಲ್ಲಿ ಇರುವಾಗ ಅಂಗವೈಕಲ್ಯ ಬಂದವರನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ನೆಲಮಹಡಿಯ ತರಗತಿ ಬೇಕು ಅಂತ ನಾನು ಬಾಯಿಮಾತಲ್ಲಿ ಕೇಳಿದಾಗ ಒಂದು ವರ್ಷ ಏನೂ ಆಗಲಿಲ್ಲ. ಕಾರ್ಡಿನ ಪ್ರತಿ ಲಗತ್ತಿಸಿ ಬರೆದು ಕೊಟ್ಟಾಗ ಹದಿನೈದು ದಿನದಲ್ಲಿ ಆಯಿತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಕಾಯದೆ ಹೊರಡಬೇಕಾದ ಹೊತ್ತು

ಹಳೇ ತೊಂದರೆ ಏರುವುದು ಇಳಿಯುವುದು ಇದ್ದದ್ದೇ. ಹೊಸದು ಬಂದರೆ ಮಾತ್ರ ಕಾಯಬೇಡಿ. ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುವುದು, ಜೋಮು ಮೇಲಕ್ಕೆ ಏರುವುದು, ಕುಂಡಿ ಮತ್ತು ತೊಡೆಸಂದಿಯಲ್ಲಿ ಹೊಸದಾಗಿ ಸ್ಪರ್ಶ ಹೋಗುವುದು, ಮೂತ್ರ ಪೂರ್ತಿ ಕಟ್ಟುವುದು, ರಾತ್ರಿ ಎಬ್ಬಿಸುವ ಹೊಸ ಬೆನ್ನುನೋವು. ಗಂಟು ಮರಳಿರಬಹುದು, ಹುರಿಯಲ್ಲಿ ನೀರು ತುಂಬಿರಬಹುದು, ಹುರಿ ಗಾಯದ ಕಲೆಗೆ ಅಂಟಿಕೊಂಡಿರಬಹುದು. ಎಂಆರ್‌ಐ ಮಾಡದೆ ತಿಳಿಯದು. ಒಂದೇ ಮೀನಖಂಡ ಬಾತು ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬೇಡಿ. ಆಪರೇಷನ್ ಆದ ಹೊಸದರಲ್ಲಿ ಹೊಲಿಗೆಯಿಂದ ತಿಳಿನೀರು ಜಿನುಗಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಅದೇ ದಿನ ಆಸ್ಪತ್ರೆ.

ಗಂಟು ಡಿ-6 (ಎದೆಯ ಹಿಂದಿನ ಆರನೇ ಬೆನ್ನೆಲುಬು) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇದ್ದವರಿಗೆ ಇನ್ನೊಂದು: ಇದ್ದಕ್ಕಿದ್ದಂತೆ ತಲೆ ಸಿಡಿಯುವಷ್ಟು ನೋವು, ಮುಖ ಕೆಂಪಾಗಿ ಬೆವರು, ಬಿಪಿ ಏರುವುದು. ಕೆಳಗೆ ಎಲ್ಲೋ ಮೂತ್ರದ ಚೀಲ ತುಂಬಿದೆ ಅಥವಾ ಹೊಟ್ಟೆ ಕಟ್ಟಿದೆ ಅಂತ ಮೈ ಕೂಗುವ ಬಗೆ ಇದು. ಮಲಗಿಸಬೇಡಿ, ಎತ್ತಿ ಕೂರಿಸಿ. ಬಿಗಿಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ, 108ಕ್ಕೆ ಫೋನ್ ಮಾಡಿ. ಇದು ಎಲ್ಲ ಡಾಕ್ಟರಿಗೂ ತಟ್ಟನೆ ಹೊಳೆಯುತ್ತದೆ ಅಂತಿಲ್ಲ. ನಾನು ನನ್ನ ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ: ಯಾವ ಮಟ್ಟದಲ್ಲಿ ಆಪರೇಷನ್ ಆಗಿದೆ, ಯಾವ ಗುಳಿಗೆ ನಡೆದಿದೆ, ಸರ್ಜನ್ ಯಾರು, ಮನೆಯ ನಂಬರ್ ಯಾವುದು.

ಫೈಲಿನ ಚೀಲ ನಮ್ಮ ಮನೆಯಲ್ಲಿ ಮುಂಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿದೆ. ಕಪಾಟಿನಲ್ಲಿಟ್ಟರೆ ಅವಸರದಲ್ಲಿ ಬೀಗದ ಕೈ ಸಿಗುವುದಿಲ್ಲ.